ಡ್ಯಾನ್ಯೂಬ್ ಮೇಲೆ ಎಂಟು ದಿನ, ಅದರಲ್ಲಿ ಒಂದು ದಿನ ಬಸ್ಸು

ಯುರೋಪಿನ ಡ್ಯಾನ್ಯೂಬ್ ನದಿ ಪ್ರವಾಸಕ್ಕೆ ದುಡ್ಡು ಕಟ್ಟಿ ಮೂರನೇ ದಿನಕ್ಕೇ ಬಸ್ಸು ಹತ್ತಿದವರು ನಾವು. ಹಿಂದಿನ ರಾತ್ರಿ ಊಟ ಮುಗಿದು ಐಸ್‌ಕ್ರೀಂ ಬರುವ ಹೊತ್ತಿಗೆ ಪ್ರವಾಸದ ಮ್ಯಾನೇಜರ್ ಮೈಕ್ ಹಿಡಿದು ನಿಂತರು. ನದಿಯಲ್ಲಿ ನೀರು ತುಂಬಾ ಇಳಿದಿದೆ, ಹಡಗು ರೇಗನ್ಸ್‌ಬರ್ಗ್ ದಾಟಿ ಮುಂದೆ ಹೋಗುವುದಿಲ್ಲ, ಬೆಳಗ್ಗೆ ಏಳಕ್ಕೆ ಸೂಟ್‌ಕೇಸು ಬಾಗಿಲಾಚೆ ಇಡಿ, ಪಾಸಾವ್‌ನಲ್ಲಿ ಇಂಥದೇ ಇನ್ನೊಂದು ಹಡಗು ಕಾಯುತ್ತಿರುತ್ತದೆ. ನೀರು ಇಳಿಯುತ್ತಿರುವುದು ಅವತ್ತಿನ ಸುದ್ದಿಯೇನಲ್ಲ, ಅಲ್ವಾ? ಹೊರಡುವ ಮೊದಲೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪಕ್ಕದ ಮೇಜಿನವರು ದುಡ್ಡು ವಾಪಸ್ ಕೇಳಿದರು. ದಾರಿ ಬದಲಾಗಬಹುದು ಅಂತ ಟಿಕೆಟ್ಟಿನ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಇದೆಯಂತೆ. ನಾವ್ಯಾರೂ ಓದಿರಲಿಲ್ಲ.

"ಒಂದು ಸಲ ಪೆಟ್ಟಿಗೆ ಬಿಚ್ಚಿದ್ರೆ ಸಾಕು ಅಂತ ಅಲ್ವೇನೇ ನನ್ನ ಕರ್ಕೊಂಡು ಬಂದಿದ್ದು?" ಅಂತ ಅಕ್ಕ ಕೇಳಿದಳು. ಕೇಳುವ ಹಕ್ಕು ಅವಳಿಗಿತ್ತು. ಅಕ್ಕನಿಗೆ ಅರವತ್ತಾರು, ಎರಡೂ ಮಂಡಿ ನೋವು. ಅವಳಿಗೋಸ್ಕರವೇ ನಾನು ಈ ಪ್ರವಾಸ ಆರಿಸಿದ್ದು. ದಿನಾ ಹೋಟೆಲ್ ಬದಲಾಯಿಸುವ ರಗಳೆ ಇಲ್ಲ, ಮಲಗಿದಲ್ಲಿಗೇ ಊರುಗಳು ಬರುತ್ತವೆ. ಪಾದ ಬೇರೆ ಬೇಗ ಊದಿಕೊಳ್ಳುತ್ತವೆ. ಕೂತಲ್ಲೆಲ್ಲ ಶೂ ಬಿಚ್ಚುತ್ತಾಳೆ. ಬಸ್ಸಿನಲ್ಲಿ, ಊಟದ ಮೇಜಿನ ಕೆಳಗೆ, ಆಸ್ಟ್ರಿಯಾದ ಮೆಲ್ಕ್ ಮಠದ ಚಿನ್ನ ಬಳಿದ ಚರ್ಚಿನ ಬೆಂಚಿನ ಮೇಲೂ. ಹೊರಡುವಾಗ ಒಂದು ಶೂ ಸಿಗುವುದಿಲ್ಲ, ನಾನು ಬಗ್ಗಿ ಹುಡುಕಬೇಕು.

ನಾವು ಹತ್ತಿದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ಇಳಿಯಬೇಕಿದ್ದದ್ದು ಬುಡಾಪೆಸ್ಟ್‌ನಲ್ಲಿ. ಶುರುವಿಗೆ ಇರುವುದು ನದಿಯೇ ಅಲ್ಲ, ಕಾಲುವೆ. ಮೈನ್ ನದಿಯನ್ನೂ ಡ್ಯಾನ್ಯೂಬನ್ನೂ ಸೇರಿಸುವ 171 ಕಿಲೋಮೀಟರ್ ಕಾಲುವೆ. ಮಧ್ಯದಲ್ಲಿ ಗುಡ್ಡ ಇದೆ. ಹಡಗು ಗುಡ್ಡ ಹತ್ತಿ ಇಳಿಯಬೇಕು! ಷಾರ್ಲಮೇನ್ ದೊರೆ 793ರಲ್ಲೇ ಇಂಥದೊಂದು ಕಾಲುವೆ ತೋಡಲು ಹೊರಟಿದ್ದನಂತೆ. ಕೆಲಸ ನಿಜವಾಗಿ ಮುಗಿದದ್ದು 1992ರಲ್ಲಿ. ಹದಿನಾರು ಲಾಕ್‌ಗಳಿವೆ. ಲಾಕ್ ಅಂದರೆ ಎರಡೂ ತುದಿಗೆ ಗೇಟು ಇರುವ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಹೋಗುತ್ತದೆ, ಹಿಂದಿನ ಗೇಟು ಮುಚ್ಚುತ್ತಾರೆ, ನೀರು ಬಿಡುತ್ತಾರೆ, ಹಡಗು ಮೇಲೇಳುತ್ತದೆ, ಮುಂದಿನ ಗೇಟು ತೆಗೆಯುತ್ತಾರೆ. ಓದಿ ತಿಳಿದಿದ್ದೆ. ಆದರೆ ಓದುವುದು ಬೇರೆ, ರಾತ್ರಿ ಎರಡು ಗಂಟೆಗೆ ಅದರೊಳಗೆ ಇರುವುದು ಬೇರೆ.

ಮೊದಲ ರಾತ್ರಿ ಏನೋ ಕರಕರ ಸದ್ದಾಗಿ ಎಚ್ಚರವಾಯಿತು. ಪರದೆ ಸರಿಸಿದರೆ ಎದುರಿಗೆ ಗೋಡೆ. ಗಾಜಿನ ಬಾಗಿಲು ತೆಗೆದು ಕೈ ಚಾಚಿದೆ. ಒದ್ದೆ ಕಾಂಕ್ರೀಟು, ತಣ್ಣಗೆ, ಬೆರಳಿಗೆ ಪಾಚಿ ಹತ್ತಿತು. ಲಾಕಿನ ಅಗಲ 12 ಮೀಟರ್, ಹಡಗಿನ ಅಗಲ 11.4. ಆ ಕಡೆ ಒಂದು ಗೇಣು ಚಿಲ್ಲರೆ, ಈ ಕಡೆ ಒಂದು ಗೇಣು ಚಿಲ್ಲರೆ, ಅಷ್ಟೇ. ನೋಡ್ತಾ ನೋಡ್ತಾ ಗೋಡೆ ಮೆಲ್ಲಗೆ ಕೆಳಗಿಳಿಯತೊಡಗಿತು, ನಾವು ಏಳುತ್ತಿದ್ದೇವೆ ಅಂತ ಮೈಗೆ ಗೊತ್ತೇ ಆಗುವುದಿಲ್ಲ, ಗೋಡೆ ಮೇಲಿನ ಒದ್ದೆ ಗುರುತುಗಳು ಒಂದೊಂದಾಗಿ ಕಿಟಕಿ ದಾಟಿ ಮುಳುಗುತ್ತಿದ್ದವು, ಕೊನೆಗೆ ಗೋಡೆಯೇ ಮುಗಿದು ಒಂದು ಹಳದಿ ದೀಪ, ಒಂದಿಷ್ಟು ಹುಲ್ಲು, ಮಲಗಿದ ಒಂದು ಹೊಲ ಕಾಣಿಸಿತು. ಅಲ್ಲಿನ ದೊಡ್ಡ ಲಾಕ್‌ಗಳು ಒಂದೇ ಸಲಕ್ಕೆ ಹಡಗನ್ನು ಸುಮಾರು 25 ಮೀಟರ್ ಎತ್ತುತ್ತವೆ. ಎಂಟು ಮಹಡಿ ಅನ್ನಿ. ಅಷ್ಟು ನೀರು ಪ್ರತಿ ಸಲ ಚೆಲ್ಲಿದರೆ ಕಾಲುವೆ ಬರಿದಾಗುತ್ತದಲ್ಲ, ಅದಕ್ಕೇ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೊಟ್ಟಿಗಳಿವೆ. ಶೇಕಡಾ 60ರಷ್ಟು ನೀರನ್ನು ಅಲ್ಲಿ ಹಿಡಿದಿಟ್ಟು ಮತ್ತೆ ಬಳಸುತ್ತಾರೆ.

ಅಲ್ಲಿಂದ ಮುಂದೆ ನನಗೆ ಅದೇ ಹುಚ್ಚು. ಲಾಕ್ ಬಂತೆಂದರೆ ಎದ್ದು ಕೂರುತ್ತಿದ್ದೆ. ಅಕ್ಕ "ಬಂತಾ ನಿನ್ನ ಗೋಡೆ?" ಅಂತ ಕೇಳಿ ಆ ಕಡೆ ತಿರುಗಿ ಮಲಗುತ್ತಿದ್ದಳು.

ಹಗಲಲ್ಲಿ ಇನ್ನೊಂದು ಮಜಾ ಇತ್ತು. ಕಾಲುವೆ ಮೇಲಿನ ಸೇತುವೆಗಳು ಎಷ್ಟು ತಗ್ಗು ಅಂದರೆ ಮೇಲಿನ ಡೆಕ್ ಮುಚ್ಚಿಬಿಡುತ್ತಾರೆ, ಕುರ್ಚಿ, ಕಂಬಿ ಎಲ್ಲ ಮಡಚಿಡುತ್ತಾರೆ, ಕ್ಯಾಪ್ಟನ್ ಕೂರುವ ಕೋಣೆಯೇ ಲಿಫ್ಟಿನ ಹಾಗೆ ಕೆಳಗಿಳಿಯುತ್ತದೆ. ಅಷ್ಟು ದೊಡ್ಡ ಹಡಗಿನ ಮೇಲೆ ಆಗ ಕಾಣುವುದು ಛಾವಣಿಯ ಕಿಂಡಿಯಿಂದ ಹೊರಬಂದ ಕ್ಯಾಪ್ಟನ್ ತಲೆ ಮಾತ್ರ.

ಗೈಡ್ ವಿಷಯಕ್ಕೆ ಬರೋಣ. ಪ್ರತಿ ಊರಲ್ಲೂ ದಡದಲ್ಲಿ ಒಬ್ಬರು ನಂಬರಿನ ಫಲಕ ಎತ್ತಿ ನಿಂತಿರುತ್ತಾರೆ. ನಮ್ಮ ಕಿವಿಗೊಂದು ಇಯರ್‌ಫೋನ್, ಕೊರಳಿಗೊಂದು ಡಬ್ಬಿ. ಅಕ್ಕನಿಗಾಗಿ ನಾವು ನಿಧಾನ ನಡೆಯುವವರ ಗುಂಪು ಸೇರಿದ್ದೆವು. ಆ ಗುಂಪಿನ ಗೈಡ್‌ಗಳು ನಿಜಕ್ಕೂ ಒಳ್ಳೆಯವರು. ಬೆಂಚು ಎಲ್ಲಿದೆ, ಶೌಚಾಲಯ ಎಲ್ಲಿದೆ ಅಂತ ಮೊದಲು ಹೇಳಿ ಆಮೇಲೆ ದೊರೆಗಳ ಕಥೆ ಹೇಳುತ್ತಿದ್ದರು. ಅವರಿಲ್ಲದಿದ್ದರೆ ಅಕ್ಕ ಈ ಅರ್ಧ ಊರುಗಳನ್ನೂ ನೋಡುತ್ತಿರಲಿಲ್ಲ. ಆದರೆ ನನ್ನ ತಕರಾರು ಒಂದಿದೆ. ಯಾವ ದೊರೆ ಯಾರನ್ನು ಮದುವೆಯಾದ, ಗೋಪುರ ಯಾವ ಶೈಲಿ, ಎಲ್ಲ ಹೇಳಿದರು. ನಾವು ತೇಲಿಕೊಂಡು ಬಂದ ನದಿಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಬಸ್ಸು ಹತ್ತಬೇಕಾಗಿ ಬಂದಿದ್ದು ಯಾಕೆ ಅನ್ನುವುದನ್ನು ಕೂಡ ನಾನೇ ಫೋನಿನಲ್ಲಿ ಹುಡುಕಿ ಓದಬೇಕಾಯಿತು.

ಕಾರಣ ಸ್ವಾರಸ್ಯದ್ದು. ಡ್ಯಾನ್ಯೂಬಿನ ಮೇಲಿನ ಭಾಗ ಅಂದರೆ ಹೆಚ್ಚು ಕಡಿಮೆ ಒಂದು ಮೆಟ್ಟಿಲುಸಾಲು. ಒಂದಾದ ಮೇಲೊಂದು ಕಟ್ಟೆ, ಕಟ್ಟೆಗೊಂದು ಲಾಕ್, ಜೊತೆಗೆ ವಿದ್ಯುತ್ ಘಟಕ. ಕಟ್ಟೆ ಹಿಂದೆ ನೀರು ನಿಂತಿರುವುದರಿಂದ ಬೇಸಿಗೆಯಲ್ಲೂ ಆಳ ಇರುತ್ತದೆ. ಜರ್ಮನಿಯೊಳಗಿನ ನಮ್ಮ ದಾರಿಯಲ್ಲಿ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫನ್‌ವರೆಗಿನ ಸುಮಾರು 70 ಕಿಲೋಮೀಟರ್‌ನಲ್ಲಿ ಮಾತ್ರ ಕಟ್ಟೆ ಇಲ್ಲ. ಮಳೆ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅಲ್ಲೂ ಕಟ್ಟಬೇಕು ಅಂತ ಹಡಗಿನ ಕಡೆಯವರು, ಬೇಡ ಅಂತ ಪರಿಸರದ ಕಡೆಯವರು ವರ್ಷಗಟ್ಟಲೆ ಜಗಳವಾಡಿದ್ದಾರೆ. 2013ರಲ್ಲಿ ಬವೇರಿಯಾ ಸರ್ಕಾರ ಕಟ್ಟೆ ಬೇಡ ಅಂತ ತೀರ್ಮಾನಿಸಿತು. ಅಂದರೆ ನಮ್ಮ ಹಡಗು ನಿಂತದ್ದು ನದಿ ಕೆಟ್ಟಿದ್ದರಿಂದ ಅಲ್ಲ, ಅಷ್ಟು ದೂರ ಅದು ಇನ್ನೂ ನದಿಯಾಗಿ ಉಳಿದಿರುವುದರಿಂದ. ಇದನ್ನು ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. "ಸರಿ, ಆದ್ರೂ ಮುಂಚೆ ಹೇಳ್ಬೇಕಿತ್ತು" ಅಂದಳು.

ಪಾಸಾವ್‌ನಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ಇಲ್ಲಿ ಮೂರು ನದಿ ಸೇರುತ್ತವೆ. ಇನ್ ಆಲ್ಪ್ಸ್‌ನಿಂದ ಬರುತ್ತದೆ, ಹಾಲು ಬೆರೆಸಿದಂಥ ಹಸಿರು. ಇಲ್ಜ್ ಕಪ್ಪು. ಡ್ಯಾನ್ಯೂಬ್ ಮಧ್ಯದಲ್ಲಿ ಮಣ್ಣು ಬಣ್ಣ. ಸ್ವಲ್ಪ ದೂರ ಬಣ್ಣಗಳು ಬೆರೆಯದೆ ಪಕ್ಕಪಕ್ಕ ಹರಿಯುತ್ತವೆ. ಹಳೆಯ ಟೌನ್ ಹಾಲ್ ಗೋಡೆ ಮೇಲೆ ಪ್ರವಾಹದ ಗೀಟುಗಳಿವೆ, ಪಕ್ಕದಲ್ಲಿ ಇಸವಿ. 2013ರ ಜೂನ್‌ನದ್ದು 12.89 ಮೀಟರ್, ಐನೂರು ವರ್ಷಗಳಲ್ಲೇ ಅತಿ ಎತ್ತರ. ಕತ್ತೆತ್ತಿ ನೋಡಿದೆ. ಹಡಗಿಗೆ ನೀರು ಸಾಲದೆ ಬಸ್ಸಿನಲ್ಲಿ ಬಂದವರು ನಾವು, ನಮ್ಮ ತಲೆ ಮೇಲೆ ಎಷ್ಟೋ ಎತ್ತರದಲ್ಲಿ ಅದೇ ನದಿಯ ಗೀಟು.

ಹೊಸ ಹಡಗು ಅಚ್ಚು ಹಳೆಯದರ ಹಾಗೇ ಇತ್ತು. ಅದೇ ರೂಮ್ ನಂಬರ್, ಅದೇ ಹಾಸಿಗೆ. ಸಸ್ಯಾಹಾರಿಗಳಿಗೆ ಅದೇ ಅಣಬೆ ಕೂಡ.

ಡೆಕ್ ಮೇಲೆ ಕೂತು ನಾನು ದಡದ ಕಿಲೋಮೀಟರ್ ಫಲಕಗಳನ್ನು ಓದುತ್ತಿದ್ದೆ. ಪಾಸಾವ್ ಹತ್ತಿರ 2226. ಕೆಳಗೆ ಹೋದ ಹಾಗೆ ಸಂಖ್ಯೆ ಇಳಿಯುತ್ತದೆ. ಮೊದಲು ಅರ್ಥವಾಗಲಿಲ್ಲ. ಡ್ಯಾನ್ಯೂಬನ್ನು ಹುಟ್ಟಿದ ಕಡೆಯಿಂದ ಅಳೆಯುವುದಿಲ್ಲ, ಕಪ್ಪು ಸಮುದ್ರದ ದಡದ ಸುಲಿನಾದಿಂದ ಹಿಂದಕ್ಕೆ ಎಣಿಸುತ್ತಾರೆ. ವಿಯೆನ್ನಾಕ್ಕೆ 1929. ನದಿಗೆ ಇನ್ನೆಷ್ಟು ದಾರಿ ಉಳಿದಿದೆ ಅನ್ನುವುದೇ ಅದರ ಲೆಕ್ಕ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆ ಚೆಂದ, ಚಿತ್ರಗಳಲ್ಲಿ ಕಾಣುವಷ್ಟೇ ಚೆಂದ, ಅದಕ್ಕೆ ಜಾಸ್ತಿ ಬರೆಯುವುದಿಲ್ಲ. ದ್ರಾಕ್ಷಿ ತೋಟಗಳು, ಏಪ್ರಿಕಾಟ್ ಜಾಮ್, ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರಲ್ಲಿ ಹಿಡಿದಿಟ್ಟಿದ್ದ ಕೋಟೆಯ ಅವಶೇಷ. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ತನ್ನಷ್ಟಕ್ಕೆ ಹರಿಯುವುದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು ವಿಯೆನ್ನಾ ಆಚೆ.

ವಿಯೆನ್ನಾದಲ್ಲಿ ಇಯರ್‌ಫೋನ್ ತೆಗೆದಿಟ್ಟೆವು. ಹಡಗು ನಿಲ್ಲುವ ರೈಕ್ಸ್‌ಬ್ರೂಕೆ ಸೇತುವೆ ಹತ್ತಿರದಿಂದ ಯು1 ಮೆಟ್ರೋ ಹತ್ತಿದರೆ ನಾಲ್ಕನೇ ಸ್ಟೇಷನ್ನೇ ಊರಿನ ನಡುಮಧ್ಯ. ಅಲ್ಲೊಂದು ಕೆಫೆಯಲ್ಲಿ ಎರಡು ಗಂಟೆ ಸುಮ್ನೆ ಕೂತೆವು, ಅಕ್ಕ ಶೂ ಬಿಚ್ಚಿದಳು, ಯಾರೂ ಎಬ್ಬಿಸಲಿಲ್ಲ. ಸಂಜೆ ನದಿ ಮಧ್ಯದ ಉದ್ದನೆಯ ದ್ವೀಪಕ್ಕೆ ಹೋದೆವು. 21 ಕಿಲೋಮೀಟರ್ ಉದ್ದ, ಪೂರಾ ಮನುಷ್ಯರೇ ಮಾಡಿದ್ದು. ಪ್ರವಾಹದ ನೀರಿಗೆ ಇನ್ನೊಂದು ದಾರಿ ಬೇಕು ಅಂತ 1972ರಿಂದ ಅಗೆಯುತ್ತಾ ಹೋದರು, ಅಗೆದ ಮಣ್ಣೇ ದ್ವೀಪವಾಯಿತು. ಹುಡುಗರು ಈಜುತ್ತಿದ್ದರು.

ವಿಯೆನ್ನಾ ಬಿಟ್ಟ ಮೇಲೆ ಎರಡೂ ದಡದಲ್ಲಿ ಕಾಡು. ಹೈನ್‌ಬುರ್ಗ್ ಅನ್ನುವ ಊರಿನ ಹತ್ತಿರ ಇಲ್ಲೂ ಅಣೆಕಟ್ಟು ಬರಬೇಕಿತ್ತು. 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಕಾಡಿನೊಳಗೆ ಬೀಡುಬಿಟ್ಟು ಕೆಲಸ ನಿಲ್ಲಿಸಿದರು. 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಹಡಗು ಅದನ್ನು ದಾಟುವಾಗ ಹಾಲ್‌ನಲ್ಲಿ ಹೌಸಿ ಆಡಿಸುತ್ತಿದ್ದರು. ಡೆಕ್ ಮೇಲೆ ಇದ್ದವರು ನಾನು ಮತ್ತು ಸಿಗರೇಟು ಸೇದಲು ಬಂದಿದ್ದ ಒಬ್ಬ ಅಡುಗೆಯವನು. ಬೂದು ಬಣ್ಣದ ಕೊಕ್ಕರೆಯೊಂದನ್ನು ಅವನೇ ತೋರಿಸಿದ.

ಬುಡಾಪೆಸ್ಟ್‌ಗೆ ರಾತ್ರಿ ಬಂದೆವು. ಪಾರ್ಲಿಮೆಂಟಿನ ದೀಪ ನೋಡಿ ಎಲ್ಲರೂ ಫೋನು ಎತ್ತಿದರು, ನಾನೂ ಎತ್ತಿದೆ. ಮರುದಿನ ಬೆಳಗ್ಗೆ ಗೈಡ್ ಇಲ್ಲದೆ ನಾವಿಬ್ಬರೇ ಅದೇ ಪಾರ್ಲಿಮೆಂಟಿನ ಹತ್ತಿರದ ದಡಕ್ಕೆ ನಡೆದುಹೋದೆವು. ಅಲ್ಲಿ ಅಂಚಿಗೆ ಅರವತ್ತು ಜೊತೆ ಕಬ್ಬಿಣದ ಶೂಗಳಿವೆ, 2005ರಲ್ಲಿ ಇಟ್ಟದ್ದು. 1944-45ರ ಚಳಿಗಾಲದಲ್ಲಿ ಹಂಗೇರಿಯ ಫ್ಯಾಸಿಸ್ಟರು ಯೆಹೂದಿಗಳನ್ನು ಈ ದಡಕ್ಕೆ ತಂದು ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹೊಡೆಯುತ್ತಿದ್ದರು. ಶೂಗೆ ಬೆಲೆಯಿತ್ತು. ಹೆಣ ನದಿ ಕೊಂಡೊಯ್ಯುತ್ತಿತ್ತು. ಶೂಗಳು ತುಕ್ಕು ಹಿಡಿದಿವೆ, ಹಿಮ್ಮಡಿ ಸವೆದ ಹಾಗೆ ಮಾಡಿದ್ದಾರೆ, ಒಂದು ಪಕ್ಕಕ್ಕೆ ವಾಲಿಬಿದ್ದಿದೆ. ಮಗುವಿನದ್ದೊಂದರೊಳಗೆ ಯಾರೋ ಚಾಕಲೇಟು ಇಟ್ಟಿದ್ದರು.

ಅಕ್ಕನಿಗೆ ನಡೆದು ಸಾಕಾಗಿತ್ತು. ಹಿಂದಿನ ಕಲ್ಲಿನ ಮೇಲೆ ಕೂತಳು. ಕೂತವಳೇ ಅಭ್ಯಾಸದಂತೆ ಬಗ್ಗಿ ಎಡಗಾಲಿನ ಲೇಸಿಗೆ ಕೈ ಹಾಕಿದಳು, ಗಂಟು ಅರ್ಧ ಬಿಚ್ಚಿಯೂ ಬಿಟ್ಟಿದ್ದಳು. ಅಲ್ಲಿಗೇ ಕೈ ನಿಂತಿತು. ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡೇ ಇದ್ದಳು. ಆಮೇಲೆ ಲೇಸನ್ನು ಮತ್ತೆ ಎಳೆದು ಎರಡು ಗಂಟು ಹಾಕಿದಳು.