ಹಳೇ ಬೆಂಜ್ ತಗೋಬಹುದಾ ಸರ್?

ಪೆಟ್ರೋಲ್ ಬಂಕಿನ ಹುಡುಗನಿಂದ ಹಿಡಿದು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರವರೆಗೆ ಎಲ್ಲರೂ ನನ್ನ ಹಳೇ ಬೆಂಜ್ ಕಾರು ನೋಡಿ ಮೊದಲು ಕೇಳುವುದು, "ಎಷ್ಟು ಓಡಿದೆ ಇದು?" 3 ಲಕ್ಷ 84 ಸಾವಿರ ಕಿಲೋಮೀಟರ್ ಅನ್ನುತ್ತೇನೆ. ಹುಬ್ಬು ಮೇಲೆ ಹೋಗುತ್ತದೆ. ಆಮೇಲೆ ದನಿ ಸ್ವಲ್ಪ ತಗ್ಗುತ್ತದೆ: "ನಾನೂ ಒಂದು ಹಳೇದು ತಗೋಬಹುದಾ ಸರ್? ಆಲ್ಟೋ ರೇಟಿಗೇ ಸಿಗುತ್ತಂತಲ್ಲ?"

ಸಿಗುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿ. ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಕಾರು ಮೂರು ಲಕ್ಷಕ್ಕೆ ಬಂದರೂ ಅದರ ಶಾಕ್ ಅಬ್ಸಾರ್ಬರ್ ದೊಡ್ಡ ಕಾರಿನ ಶಾಕ್ ಅಬ್ಸಾರ್ಬರೇ, ಬಿಲ್ಲೂ ದೊಡ್ಡ ಕಾರಿನದೇ. ಇಷ್ಟು ಕೇಳಿದ ಮೇಲೂ ಎದುರಿಗಿರುವವರ ಕಣ್ಣಿನ ಹೊಳಪು ಇಳಿಯದಿದ್ದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಮೆಕ್ಯಾನಿಕ್ ಸಿಕ್ಕಿದ್ದಾರಾ?" ಯಾರೂ ಹೂಂ ಅಂದಿಲ್ಲ. ಎಲ್ಲರಿಗೂ ಮೊದಲು ಕಾರೇ ಸಿಕ್ಕಿರುತ್ತದೆ.

ನನ್ನದು 1996ರ ಇ250 ಡೀಸೆಲ್. ಗೊತ್ತಿದ್ದವರು ಡಬ್ಲ್ಯು124 ಅನ್ನುತ್ತಾರೆ. ಜರ್ಮನಿಯಲ್ಲಿ ಈ ಮಾದರಿ 1984ರ ಕೊನೆಗೇ ಬಂದಿತ್ತು. ಪುಣೆಯಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಜೊತೆ ಸೇರಿ ಇದನ್ನು ಜೋಡಿಸಲು ಶುರುಮಾಡಿದ 1995ರಲ್ಲಿ ಅಲ್ಲಿ ಇದರ ಜಾಗಕ್ಕೆ ಮುಂದಿನ ಮಾದರಿ ಬಂದಾಗಿತ್ತು. ಇಡೀ ಗಾಜಿಗೆ ಇರುವುದು ಒಂದೇ ವೈಪರ್. ನೆಟ್ಟಗೆ ಅರ್ಧ ಚಂದ್ರ ಬಿಡಿಸುವುದಿಲ್ಲ, ಮೂಲೆ ಬಂದಾಗ ತೋಳು ಚಾಚಿಕೊಂಡು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮಳೆ ಬಂದರೆ ಸಾಕು, ಸಿಗ್ನಲ್ಲಿನಲ್ಲಿ ಪಕ್ಕದ ಆಟೋದೊಳಗಿನ ಮಕ್ಕಳು ಅದನ್ನೇ ನೋಡುತ್ತಿರುತ್ತಾರೆ. ಬಾಗಿಲಿನ ಲಾಕುಗಳು ಕೆಲಸ ಮಾಡುವುದು ಗಾಳಿಯಿಂದ, ತೆಳ್ಳನೆಯ ಕೊಳವೆಗಳ ಮೂಲಕ.

ನಮ್ಮ ತಾತನಿಗೆ ಬೆಂಜ್ ಅಂದರೆ ಲಾರಿ. ಅವರ ತಪ್ಪಲ್ಲ. 1954ರಿಂದ ಹದಿನೈದು ವರ್ಷ ಟಾಟಾ ಲಾರಿಗಳ ಮೂತಿಯ ಮೇಲೆ ಇದೇ ಮೂರು ಕಡ್ಡಿಯ ನಕ್ಷತ್ರ ಇತ್ತು. ಮುಂದೆ ನಮ್ಮ ಮಲೆನಾಡಿನ ದಾರಿಗಳಲ್ಲಿ ಬಾಗಿಲಿಗೆ ಜನ ನೇತಾಡಿಸಿಕೊಂಡು ಓಡಾಡಿದ ಟೆಂಪೊ ಟ್ರ್ಯಾಕ್ಸ್‌ನ ಎಂಜಿನ್ನೂ ಬೆಂಜ್ ಪರವಾನಗಿಯದೇ, ಒಂದು ಕಾಲದ 240 ಡೀಸೆಲ್ ಕಾರಿನಲ್ಲಿದ್ದ ಎಂಜಿನ್ನಿನ ವಂಶದ್ದು. ಇನ್ನು ಬೆಂಗಳೂರಿನ ಆಡುಗೋಡಿಗೆ 1950ರ ದಶಕದಲ್ಲೇ ಡೀಸೆಲ್ ಎಂಜಿನ್ನಿನ ಪಂಪು ಮಾಡುವ ಮೈಕೊ ಬಂತು, ಈಗಿನ ಬಾಷ್. ಡೀಸೆಲ್ ಪಂಪು, ನಾಝಲ್ ಬಿಚ್ಚಿ ಜೋಡಿಸುವ ವಿದ್ಯೆ ಈ ಊರಿನಲ್ಲಿ ಮೂರು ತಲೆಮಾರಿಗೆ ಇಳಿದಿದೆ. ನನ್ನ ಕಾರು ಇನ್ನೂ ಓಡುತ್ತಿದ್ದರೆ ಅದರಲ್ಲಿ ಜರ್ಮನಿಯವರ ಪಾಲು ಎಷ್ಟಿದೆಯೋ ಆಡುಗೋಡಿಯವರದೂ ಅಷ್ಟೇ ಇದೆ.

ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಮೂರು ವರ್ಷದ ಹಿಂದೆ, ಡಿಸೆಂಬರ್ ಚಳಿಯಲ್ಲಿ, ಕಾರು ಬೆಳಿಗ್ಗೆ ಹೊತ್ತು ಸಲೀಸಾಗಿ ಸ್ಟಾರ್ಟ್ ಆಗುವುದನ್ನು ನಿಲ್ಲಿಸಿತು. ಅರ್ಧ ನಿಮಿಷ ಕೆಮ್ಮಿ, ಹೊಗೆ ಉಗುಳಿ, ಕೊನೆಗೆ ಹೇಗೋ ಹಿಡಿದುಕೊಳ್ಳುತ್ತಿತ್ತು. ಮಧ್ಯಾಹ್ನ ಕೀ ತಿರುಗಿಸಿದರೆ ಏನೂ ಆಗಿಲ್ಲದ ಹಾಗೆ ಎದ್ದು ಕೂರುತ್ತಿತ್ತು. ಮೊದಲು ಬ್ಯಾಟರಿ ಹೊಸದು ಹಾಕಿಸಿದೆ. ಆಮೇಲೆ ಐದು ಸಿಲಿಂಡರಿನ ಐದು ಗ್ಲೋ ಪ್ಲಗ್, ತಣ್ಣಗಿರುವ ಡೀಸೆಲ್ ಎಂಜಿನ್ನಿಗೆ ಕಾವು ಕೊಟ್ಟು ಎಬ್ಬಿಸುವಂಥವು. ಕೆಮ್ಮು ಹಾಗೇ ಇತ್ತು. ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುವ ಒಂದು ವರ್ಕ್‌ಶಾಪಿನಲ್ಲಿ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪ್ ಹೋಗಿದೆ, ಇಳಿಸಬೇಕು, ಎಪ್ಪತ್ತು ಸಾವಿರದ ಹತ್ತಿರ ಆಗುತ್ತೆ ಅಂದರು. ಅಂದಾಜು ಪಟ್ಟಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ನಮ್ಮ ಮೆಕ್ಯಾನಿಕ್ ಅದನ್ನು ಓದಲೂ ಇಲ್ಲ. ತನ್ನ ಗುರುಗಳನ್ನು ಕರೆತಂದ. ಪಂಪಿನ ಕೆಲಸದಲ್ಲೇ ತಲೆ ಬೆಳ್ಳಗಾದ, ನಿವೃತ್ತರಾದ ಹಿರಿಯರು. ಬೆಳಿಗ್ಗೆ ಆರಕ್ಕೇ ಬಂದರು, ಯಾಕೆಂದರೆ ತಣ್ಣಗಿರುವ ಎಂಜಿನ್ ಬೇಕಿತ್ತು. ಬಾನೆಟ್ ಎತ್ತಿಸಿ, ಟಾರ್ಚ್ ಕೇಳಿದರು. ಈ ಎಂಜಿನ್ನಿನಲ್ಲಿ ಡೀಸೆಲ್ ಹಾಯುವ ಕೆಲವು ಕೊಳವೆಗಳು ಪಾರದರ್ಶಕ ಪ್ಲಾಸ್ಟಿಕ್ಕಿನವು. ಒಂದರ ಹಿಂದೆ ಬೆಳಕು ಹಿಡಿದು, "ಈಗ ಹೊಡೀರಿ ಸ್ವಾಮಿ" ಅಂದರು. ಕೀ ತಿರುಗಿಸಿದೆ. ಕೊಳವೆಯೊಳಗೆ ಸೋಡಾ ಬಾಟಲಿಯ ಹಾಗೆ ಗುಳ್ಳೆಗಳ ಸಾಲು.

"ಗಾಳಿ ಎಳೀತಾ ಇದೆ. ರಾತ್ರಿಯೆಲ್ಲಾ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತೆ, ಬೆಳಿಗ್ಗೆ ಪಂಪಿಗೆ ಬರೀ ಗಾಳಿ. ಪಂಪ್ ನಿಮಗಿಂತ ಗಟ್ಟಿ ಇದೆ, ಮುಟ್ಟಬೇಡಿ."

ಕೊಳವೆಯ ತುದಿಗಳಲ್ಲಿ ಉಂಗುರದ ಬೆರಳಿಗೂ ಏರದಷ್ಟು ಸಣ್ಣ ರಬ್ಬರ್ ಬಳೆಗಳಿರುತ್ತವೆ, ಓ-ರಿಂಗ್. ಅಷ್ಟು ವರ್ಷದ ಬಿಸಿಗೆ ಬೆಂದು ಕಡ್ಡಿಯಂತಾಗಿದ್ದವು. ಎಲ್ಲ ಬದಲಿಸಲು ಒಂದು ಬೆಳಗು, ಕೆಲವೇ ನೂರು ರೂಪಾಯಿ. ಹಿರಿಯರು ದುಡ್ಡು ಮುಟ್ಟಲಿಲ್ಲ. ಇಡ್ಲಿ ತಿಂದರು, ಕಾರಿನಲ್ಲೇ ಮನೆಗೆ ಬಿಡಿಸಿಕೊಂಡರು.

ಕಿಲೋಮೀಟರ್ ಕೇಳುವವರಿಗೆ ನಾನು ಹೇಳಬೇಕಾದದ್ದು ಈ ಬಳೆಗಳಲ್ಲೇ ಇದೆ. ಕಬ್ಬಿಣ ಸವೆಯುವುದು ಓಡಿದಷ್ಟು, ರಬ್ಬರ್ ಸಾಯುವುದು ವರ್ಷ ಕಳೆದಷ್ಟು. ನಿಲ್ಲಿಸಿಟ್ಟರೂ ಸಾಯುತ್ತದೆ. ಎಂಜಿನ್ ಮೌಂಟಿಂಗ್, ಸಸ್ಪೆನ್ಷನ್ನಿನ ಬುಷ್ಷುಗಳು, ರೇಡಿಯೇಟರಿನ ಹೋಸು, ಪ್ರೊಪೆಲ್ಲರ್ ಶಾಫ್ಟಿನ ತುದಿಯ ರಬ್ಬರ್ ಡಿಸ್ಕು, ಹಬ್ಬಕ್ಕೊಮ್ಮೆ ಒಂದೊಂದು. "ಡಾಕ್ಟರ ಕಾರು, 60 ಸಾವಿರ ಮಾತ್ರ ಓಡಿದೆ, ಷೆಡ್ಡಲ್ಲೇ ಇತ್ತು" ಅಂದರೆ ನನಗೆ ಹೆದರಿಕೆ ಜಾಸ್ತಿ. ದಿನಾ ಓಡಿ, ಕಾಲಕಾಲಕ್ಕೆ ಆಯಿಲ್ ಕಂಡ ಮೂರು ಲಕ್ಷದ ಕಾರನ್ನು ಅದಕ್ಕಿಂತ ನೆಮ್ಮದಿಯಿಂದ ಕೊಳ್ಳುತ್ತೇನೆ.

ವಾಟ್ಸಾಪಿನಲ್ಲಿ ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಚಿನಿಡಿಸ್ ಅವರ ಕಥೆ ಕಳಿಸುವವರಿದ್ದಾರೆ. 1976ರ 240 ಡೀಸೆಲ್, 46 ಲಕ್ಷ ಕಿಲೋಮೀಟರ್, 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಸೇರಿತು. ಕಥೆ ನಿಜ. ಆದರೆ ಅವರು ಅಷ್ಟನ್ನೂ ಒಂದೇ ಎಂಜಿನ್ನಿನಲ್ಲಿ ಓಡಿಸಿದ್ದಲ್ಲ, ಎಂಜಿನ್ನುಗಳನ್ನು ಇಳಿಸಿ ಏರಿಸುತ್ತಲೇ ಇದ್ದರು ಅನ್ನುವುದನ್ನು ಯಾರೂ ಕಳಿಸುವುದಿಲ್ಲ.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದೂ ಸರಿಯಲ್ಲ. ಒಮ್ಮೆ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು 100 ದಾಟಿ ಏರತೊಡಗಿತು, ಅದು ಪೂರ್ತಿ ನನ್ನ ತಪ್ಪು. ಎರಡು ವರ್ಷ ಕೂಲೆಂಟ್ ಕಡಿಮೆಯಾದಾಗಲೆಲ್ಲ ನಲ್ಲಿ ನೀರು ಸುರಿದಿದ್ದೆ. ನಮ್ಮ ಬೀದಿಯ ಬೋರ್‌ವೆಲ್ ನೀರಿಗೆ ಸ್ನಾನದ ಗೀಸರೇ ಬಿಳಿ ಕಟ್ಟಿಕೊಂಡು ಕೂತಿತ್ತು, ರೇಡಿಯೇಟರ್ ಯಾವ ಲೆಕ್ಕ? ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬಾಗುವ ಮೊದಲು ನಿಲ್ಲಿಸಿದ್ದರಿಂದ ಬಚಾವಾದೆ. ಈಗ ಡಿಕ್ಕಿಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು ಖಾಯಂ.

ಸ್ಪೇರ್ಸ್ ಹೆದರಿಸುವಷ್ಟು ಕಷ್ಟವಿಲ್ಲ, ನಂಬರ್ ಹಿಡಿದು ಹೋದರೆ. ಜೆ.ಸಿ. ರಸ್ತೆಯಲ್ಲಿ "ಬೆಂಜ್ ಬುಷ್ ಇದೆಯಾ" ಅಂದರೆ ಅಂಗಡಿಯವರು ತಲೆ ಎತ್ತುವುದಿಲ್ಲ. ಪಾರ್ಟ್ ನಂಬರ್ ಚೀಟಿ ಕೊಟ್ಟರೆ ಏಣಿ ಹತ್ತುತ್ತಾರೆ. ನಕ್ಷತ್ರದ ಪೆಟ್ಟಿಗೆಯಲ್ಲಿ ಬರುವ ಎಷ್ಟೋ ಭಾಗಗಳನ್ನು ಲೆಮ್‌ಫರ್ಡರ್, ಸ್ಯಾಕ್ಸ್, ಬಾಷ್‌ನಂಥವರೇ ಮಾಡುವುದು. ಅವರದೇ ಪೆಟ್ಟಿಗೆಯಲ್ಲಿ ತಗೊಂಡರೆ ಬೆಲೆ ಇಳಿಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲ ಹಿಡಿ, ಕನ್ನಡಿ, ದೀಪ ತಗೊಳ್ಳುತ್ತೇನೆ. ರಬ್ಬರ್ ಮಾತ್ರ ಹಳೇದು ಮುಟ್ಟುವುದಿಲ್ಲ. ಸತ್ತಿದ್ದನ್ನು ತೆಗೆದು ಸಾಯುತ್ತಿರುವುದನ್ನು ಹಾಕಿದ ಹಾಗೆ.

ಖರ್ಚು? ಒಂದು ವರ್ಷ 14 ಸಾವಿರದಲ್ಲಿ ಮುಗಿಯಿತು. ಅದರ ಹಿಂದಿನ ವರ್ಷ 1 ಲಕ್ಷ 30 ಸಾವಿರ. ಸರಾಸರಿ ಹೇಳಿದರೆ ಮೋಸವಾಗುತ್ತದೆ, ಯಾಕೆಂದರೆ ಇದಕ್ಕೆ ತಿಂಗಳ ಕಂತಿಲ್ಲ, ಹೊಡೆತ ಬಂದರೆ ಒಟ್ಟಿಗೆ. ಅದಕ್ಕಾಗಿ ಬೇರೆಯೇ ಒಂದು ಉಳಿತಾಯ ಖಾತೆ ಇಟ್ಟಿದ್ದೇನೆ. ಮನೆಯಲ್ಲಿ ಅದಕ್ಕೆ "ಸವತಿ ಖಾತೆ" ಅಂತ ಹೆಸರು. ಇದರ ಮೇಲೆ ಆರ್‌ಸಿ ನವೀಕರಣ: 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಶುಲ್ಕ 10 ಸಾವಿರ ಮಾಡಿದರು, ಮೊದಲಿನ ಎರಡರಷ್ಟು. ಹಸಿರು ತೆರಿಗೆ ಬೇರೆ.

ಮೊನ್ನೆ ಅಕ್ಕನ ಮಗನಿಗೂ ಹುಚ್ಚು ಹತ್ತಿತು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಿಡಿದು ದಕ್ಷಿಣಕ್ಕೆ ಬರುತ್ತಿವೆಯಲ್ಲ, ಅಂಥದೊಂದು ಜರ್ಮನ್ ಸೆಡಾನ್. ಇಲ್ಲಿ ನೋಂದಣಿ ಮಾಡಿಸಲು ಜೀವಾವಧಿ ತೆರಿಗೆ ಕಟ್ಟಬೇಕು ಅನ್ನುವುದನ್ನು ಅವನಿಗೆ ಮಾರುವವರು ಹೇಳಿರಲಿಲ್ಲ. ನಾನು ಕೇಳಲು ಹೇಳಿದ್ದು ಒಂದೇ, ಗೇರ್‌ಬಾಕ್ಸಿನ ಆಯಿಲ್ ಯಾವಾಗ ಬದಲಿಸಿದ್ದು ಅಂತ. "ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗೇ ಇಲ್ಲ" ಅಂದರಂತೆ. ಅಂಥ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ ಬದಲಿಸಿ ಅನ್ನುತ್ತದೆ.

ಆದರೂ ಹುಡುಗ ಬಿಡಲಿಲ್ಲ. "ಹಾಗಾದ್ರೆ ಹೋಗು. ಹೇಳದೆ ಬೆಳಿಗ್ಗೆ ಏಳಕ್ಕೆ ಹೋಗು, ಬಾನೆಟ್ ಮೇಲೆ ಕೈ ಇಡು. ತಣ್ಣಗಿದ್ರೆ ಮಾತ್ರ ಸ್ಟಾರ್ಟ್ ಮಾಡಿಸು" ಅಂದೆ. ಹೇಳದೆ ಹೋಗು ಅಂದಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದ. ಹಿಂದಿನ ರಾತ್ರಿಯೇ ಫೋನ್ ಮಾಡಿ ಸಮಯ ತಿಳಿಸಿದ್ದನಂತೆ, ಮರ್ಯಾದೆಯ ಹುಡುಗ. ಏಳೂಕಾಲಿಗೆ ನನಗೆ ಕರೆ ಬಂತು.

"ಮಾಮ, ಬಾನೆಟ್ ಬಿಸಿ ಇದೆ."

"ದೋಸೆ ಹಿಟ್ಟಿದೆ, ಮನೆಗೆ ಬಾ" ಅಂದೆ.