ಡಬ್ಲಿನ್‌ನಲ್ಲಿ ಗಿನ್ನೆಸ್ ಮನೆತನದ ಜಾಡು ಹಿಡಿದು

ನಮ್ಮಲ್ಲಿ ಬಹುತೇಕರಿಗೆ ಗಿನ್ನೆಸ್ ಎಂಬ ಹೆಸರು ಪರಿಚಯವಾಗಿರುವುದು ಪತ್ರಿಕೆಗಳಲ್ಲಿ ಬರುವ ‘ಗಿನ್ನೆಸ್ ದಾಖಲೆ’ಯ ಮೂಲಕ. ಅದು ಐರ್ಲೆಂಡಿನ ಬಿಯರ್ ತಯಾರಕ ಕುಟುಂಬವೊಂದರ ಮನೆಹೆಸರು. ಡಬ್ಲಿನ್‌ಗೆ ಹೋಗುವವರು ಬ್ರೂವರಿಯನ್ನಷ್ಟೇ ನೋಡಿ ಹಿಂದಿರುಗದೆ, ಆ ಕುಟುಂಬದ ಹಣ ಊರಿನ ಚರ್ಚು, ಉದ್ಯಾನ, ಬಡವರ ವಸತಿಗಳಲ್ಲಿ ಹೇಗೆ ನೆಲೆಯಾಯಿತೆಂಬುದನ್ನೂ ನಡೆದಾಡಿ ನೋಡಬೇಕೆಂಬುದು ನನ್ನ ಒತ್ತಾಯ.

ಮೊದಲು ವೀಸಾ ವಿಚಾರ: ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವ್ಯವಸ್ಥೆಯಿಂದ ಹೊರಗಿರುವುದರಿಂದ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಲಂಡನ್ ಪ್ರವಾಸವನ್ನೂ ಜೊತೆಗೆ ಯೋಜಿಸಿರುವವರು ಭಾರತೀಯರಿಗಿರುವ ಬ್ರಿಟಿಷ್-ಐರಿಷ್ ಜಂಟಿ ವೀಸಾ ಸೌಲಭ್ಯದ ಬಗ್ಗೆ ಅರ್ಜಿ ಹಾಕುವಾಗಲೇ ವಿಚಾರಿಸಿಕೊಳ್ಳಿ.

ಸೇಂಟ್ ಜೇಮ್ಸ್ ಗೇಟ್ ಬ್ರೂವರಿಯ ಆವರಣದಲ್ಲಿರುವ ಗಿನ್ನೆಸ್ ಸ್ಟೋರ್‌ಹೌಸ್‌ಗೆ ಲುವಾಸ್ ಟ್ರಾಮ್‌ನ ಕೆಂಪು ಮಾರ್ಗದಲ್ಲಿ ಜೇಮ್ಸಸ್ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಟಿಕೆಟ್ಟನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಪಡೆದು, ಬೆಳಗಿನ ಹೊತ್ತಿಗೇ ಹೋಗುವುದು ಲೇಸು. ಮದ್ಯ ಸೇವಿಸದವರಿಗೆ ತಂಪು ಪಾನೀಯ ಸಿಗುತ್ತದೆ. 1904ರಲ್ಲಿ ಹುದುಗುವಿಕೆಗೆಂದು ಕಟ್ಟಿದ ಈ ಕಟ್ಟಡ 2000ದಿಂದ ಪ್ರವಾಸಿಗರಿಗೆ ತೆರೆದಿದೆ. 1759ರಲ್ಲಿ ಬ್ರೂವರಿಯ ಸ್ಥಾಪಕ ಆರ್ಥರ್ ಗಿನ್ನೆಸ್ ವರ್ಷಕ್ಕೆ 45 ಪೌಂಡ್ ಬಾಡಿಗೆಗೆ, 9,000 ವರ್ಷಗಳ ಅವಧಿಗೆ ಈ ಜಾಗವನ್ನು ಗುತ್ತಿಗೆ ಪಡೆದ ಪತ್ರವನ್ನು ಕೆಳಮಹಡಿಯ ನೆಲದಲ್ಲಿ ನೋಡಬಹುದು. ಅವಸರದಲ್ಲಿ ಅದನ್ನು ದಾಟಿ ಹೋಗಬೇಡಿ. ದಾಖಲೆಗಳ ಪುಸ್ತಕವೂ ಈ ಕಂಪನಿಯ ಕೂಸೇ: 1951ರಲ್ಲಿ ಅದರ ವ್ಯವಸ್ಥಾಪಕ ನಿರ್ದೇಶಕ ಹ್ಯೂ ಬೀವರ್ ವೆಕ್ಸ್‌ಫರ್ಡ್‌ನಲ್ಲಿ ಬೇಟೆಗೆ ಹೋಗಿದ್ದಾಗ, ಬೇಟೆಯ ಹಕ್ಕಿಗಳಲ್ಲಿ ಅತಿ ವೇಗದ್ದು ಯಾವುದೆಂಬ ಚರ್ಚೆ ಎದ್ದು, ಪಬ್ಬುಗಳಲ್ಲಿ ಇಂತಹ ವಾದಗಳನ್ನು ಬಗೆಹರಿಸಲು ಪುಸ್ತಕವೊಂದು ಬೇಕೆಂಬ ಯೋಚನೆ ಹುಟ್ಟಿತು, 1955ರಲ್ಲಿ ಮೊದಲ ಆವೃತ್ತಿ ಹೊರಬಂದಿತು. ಐರಿಷ್ ಯೂರೋ ನಾಣ್ಯವೊಂದು ಕೈಯಲ್ಲಿದ್ದರೆ ಅದರ ಮೇಲಿನ ಹಾರ್ಪ್ ವಾದ್ಯದ ಚಿತ್ರವನ್ನು ಗಿನ್ನೆಸ್ ಬಾಟಲಿಯ ಮೇಲಿನ ಹಾರ್ಪ್ ಚಿತ್ರದೊಂದಿಗೆ ಹೋಲಿಸಿ ನೋಡಿ. ಎರಡೂ ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಿವೆ.

ಅಲ್ಲಿಂದ ಥಾಮಸ್ ಸ್ಟ್ರೀಟ್ ಹಿಡಿದು ಪೂರ್ವಕ್ಕೆ ನಡೆದು, ಮುಂದೆ ದಕ್ಷಿಣಕ್ಕೆ ತಿರುಗಿದರೆ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ ಸಿಗುತ್ತದೆ. ಶಿಥಿಲವಾಗಿದ್ದ ಈ ಚರ್ಚನ್ನು 1860ರಿಂದ 1865ರವರೆಗೆ ಸ್ವಂತ ಖರ್ಚಿನಲ್ಲಿ ಜೀರ್ಣೋದ್ಧಾರ ಮಾಡಿಸಿದ ಬೆಂಜಮಿನ್ ಲೀ ಗಿನ್ನೆಸ್‌ರ ಪ್ರತಿಮೆ ಹೊರಗಿದೆ. ಪಕ್ಕದ ಉದ್ಯಾನ, ಅದರಾಚೆಯ ಕೆಂಪು ಇಟ್ಟಿಗೆಯ ವಸತಿ ಸಮುಚ್ಚಯಗಳು ಇವರ ಮಗ ಎಡ್ವರ್ಡ್ ಸೆಸಿಲ್ ಗಿನ್ನೆಸ್‌ರ ಕೊಡುಗೆ. ಕೊಳೆಗೇರಿಗಳನ್ನು ತೆರವುಗೊಳಿಸಿ, ಬಡ ಕಾರ್ಮಿಕರಿಗಾಗಿ ಕಟ್ಟಿಸಿದವು. ಇಡೀ ಪ್ರವಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಈ ಕಟ್ಟಡಗಳೇ. ಅಲ್ಲಿ ಇಂದಿಗೂ ಜನ ವಾಸಿಸುತ್ತಿರುವುದರಿಂದ ರಸ್ತೆಯಲ್ಲಿ ನಿಂತೇ ನೋಡುವುದು ಸೌಜನ್ಯ.

ಹಿಂದೆ ಸುತ್ತಲಿನ ಶ್ರೀಮಂತ ನಿವಾಸಿಗಳಿಗಷ್ಟೇ ಮೀಸಲಾಗಿದ್ದ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನ 1880ರಲ್ಲಿ ಎಲ್ಲರಿಗೂ ತೆರೆದದ್ದು ಎಡ್ವರ್ಡರ ಅಣ್ಣ ಆರ್ಥರ್ ಅವರ ಪ್ರಯತ್ನದಿಂದ. ಮಧ್ಯಾಹ್ನದ ಬುತ್ತಿ ಬಿಚ್ಚಲು ಇದೇ ಪ್ರಶಸ್ತ ಸ್ಥಳ. ಅವರದೇ ಎಸ್ಟೇಟ್ ಆಗಿದ್ದ ಸೇಂಟ್ ಆನ್ಸ್ ಪಾರ್ಕ್ ನೋಡಲು ಡಾರ್ಟ್ ರೈಲಿನಲ್ಲಿ ರಹೀನಿ ನಿಲ್ದಾಣಕ್ಕೆ ಹೋಗಿ. ಅಲ್ಲಿನ ಗುಲಾಬಿ ತೋಟಕ್ಕಾಗಿಯೇ ಹೋಗುವುದಾದರೆ ಜೂನ್, ಜುಲೈ ತಿಂಗಳುಗಳನ್ನು ಆರಿಸಿಕೊಳ್ಳಿ.