ಮೊಗ್ಗಿನ ಜಡೆಯ ಎರಡನೇ ಫೋಟೊ

ನಮ್ಮ ಕಡೆ ಹೆಣ್ಣಿನ ಫೋಟೊ ತೆಗೆಸುವುದು ಬಹುಪಾಲು ಇನ್ಯಾರಿಗೋ ಬೇಕಾಗಿ. ಗಂಡಿನ ಮನೆಗೆ ಕಳಿಸಲು ಒಂದು, ಆಮೇಲೆ ಮದುವೆ, ಸೀಮಂತ, ಮಗು ಎತ್ತಿಕೊಂಡಿದ್ದು, ರೇಷನ್ ಕಾರ್ಡು, ಆಧಾರ್. ಕೊನೆಗೆ ಯಾವುದೋ ಗುಂಪಿನ ಫೋಟೊದಿಂದ ಮುಖ ಮಾತ್ರ ಕತ್ತರಿಸಿ, ದೊಡ್ಡದು ಮಾಡಿಸಿ ಹಾರ ಹಾಕುವುದು. ಆ ಕೆಲಸಕ್ಕೆಂದು ತುಮಕೂರಿನ ನನ್ನ ಸ್ಟುಡಿಯೊಗೆ ಬರುವ ಮಕ್ಕಳ ಹತ್ತಿರ ಅಮ್ಮನದೊಂದು ಸರಿಯಾದ ಫೋಟೊ ಇರುವುದಿಲ್ಲ. ಎಲ್ಲದರಲ್ಲೂ ಆಕೆ ಯಾರದೋ ಭುಜದ ಹಿಂದೆ ಅರ್ಧ ಮುಖ. ನೋಡಿ ನೋಡಿ ಸಂಕಟವಾಗಿಯೇ ನಾನು ಬೂಡ್ವಾರ್ ಫೋಟೊಗ್ರಫಿಗೆ, ಅಂದರೆ ಹೆಣ್ಣು ತನ್ನ ಕೋಣೆಯ ಏಕಾಂತದಲ್ಲಿ ಇರುವಂತೆ ತೆಗೆಯುವ ಆಪ್ತ ಫೋಟೊಗಳಿಗೆ, ಕೈ ಹಾಕಿದೆ. ಪಶ್ಚಿಮದ ದೇಶಗಳಲ್ಲಿ ಇದನ್ನು ಹೆಚ್ಚಾಗಿ ಮದುಮಗಳು ಗಂಡನಿಗೆ ಉಡುಗೊರೆ ಕೊಡಲು ತೆಗೆಸುತ್ತಾಳೆ. ನನಗೆ ಆ ಗಂಡನೂ ಬೇಡವೆನಿಸಿತು. ಅವಳ ಫೋಟೊ, ಅವಳಿಗೇ, ಅವಳಿಗೆ ಹಿತವಾದ ಉಡುಪಿನಲ್ಲಿ, ಇದ್ದ ಮೈ ಇದ್ದ ಹಾಗೆ.

ಮಂಗಳವಾರ ನಮ್ಮಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಅದು ಈ ಕೆಲಸದ ದಿನ. ಹುಡುಗರಿಗೆ ರಜ. ಕೆಳಗಿನ ಶಟರ್ ಎಳೆದು, ಮಹಡಿಯ ಕಿಟಕಿಗೆ ಬಿಳಿ ಪಂಚೆ ಕಟ್ಟುತ್ತೇನೆ. ಗಂಡಸರಿಲ್ಲದ ಸ್ಟುಡಿಯೊ ಹೊಸದೇನಲ್ಲ. ಹೈದರಾಬಾದಿನಲ್ಲಿ ಫೋಟೊಗ್ರಾಫರ್ ಲಾಲಾ ದೀನ್ ದಯಾಳ್ 1892ರಲ್ಲೇ ಪರದೆಯ ಹೆಂಗಸರಿಗೆಂದು ಜನಾನಾ ಸ್ಟುಡಿಯೊ ತೆರೆದಿದ್ದರು. ಅಲ್ಲಿ ಕ್ಯಾಮೆರಾ ಹಿಡಿದವಳೂ ಹೆಂಗಸೇ.

ಯುಗಾದಿ ಕಳೆದು ಮಲ್ಲಿಗೆ ಮೊಗ್ಗು ಅಗ್ಗವಾದ ಕಾಲ. ಅವತ್ತು ಮೊದಲು ಬಂದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ದಪ್ಪ ಹುಡುಗಿ. ಅವಳೇ ಹಾಗೆ ಹೇಳಿಕೊಂಡಳು. "ಅಕ್ಕ, ತೋಳು ಮಾತ್ರ ಕಾಣದಂಗೆ ತೆಗೀರಿ." ಫೋನಿನ ಲೆನ್ಸ್ ಅಗಲ ನೋಟದ್ದು, ಕೈಯಳತೆಯ ದೂರದಲ್ಲಿ ಹಿಡಿದರೆ ಹತ್ತಿರ ಇದ್ದದ್ದೆಲ್ಲ ಊದಿಕೊಂಡು ಕಾಣುತ್ತದೆ, ದಿನಾ ಅದನ್ನೇ ನೋಡಿ ನೋಡಿ ಅದೇ ತನ್ನ ಮೈ ಎಂದುಕೊಂಡಿದ್ದಳು. ಹತ್ತಡಿ ದೂರ ನಿಂತು 85 ಎಂಎಂ ಲೆನ್ಸಿನಲ್ಲಿ ತೆಗೆದು ತೋರಿಸಿದೆ. ತೋಳು ಸಣ್ಣದಾಗಿರಲಿಲ್ಲ. ಅವಳ ಮೈಗೆ ಒಪ್ಪುವ, ದುಂಡನೆಯ, ಗಟ್ಟಿ ತೋಳು. ಆಮೇಲೆ ತಾನಾಗಿಯೇ ದುಪಟ್ಟ ತೆಗೆದಿಟ್ಟಳು.

ಎರಡನೆಯವರು ಎರಡು ಮಕ್ಕಳ ತಾಯಿ. ಹೊಟ್ಟೆಯ ಮೇಲಿನ ಹೆರಿಗೆ ಗೆರೆಗಳು ಹೊಸದಾಗಿದ್ದಾಗ ಕೆಂಪಗಿರುತ್ತವೆ, ವರ್ಷ ಕಳೆದಂತೆ ಬೆಳ್ಳಗೆ ಹೊಳೆಯುತ್ತವೆ. ಅವರವು ಬೆಳ್ಳಗಾಗಿದ್ದವು. "ಇವನ್ನ ಅಳಿಸ್ತೀರಾ?" ಎಂದರು. ಒಂದು ವಾರದಲ್ಲಿ ಹೋಗುವ ಮೊಡವೆಯಾದರೆ ಅಳಿಸುತ್ತೇನೆ, ಮೈಯಲ್ಲಿ ಉಳಿಯುವುದನ್ನು ಫೋಟೊದಲ್ಲೂ ಉಳಿಸುತ್ತೇನೆ ಎಂದೆ. ಮದುವೆ ಆಲ್ಬಂ ಮಾಡುವಾಗ ಕಂಪ್ಯೂಟರಿನಲ್ಲಿ ಮೈಯ ಆಕಾರ ತಿದ್ದುವ ಲಿಕ್ವಿಫೈ ಒತ್ತಿ ಹುಡುಗಿಯ ಸೊಂಟ ಕಿರಿದು ಮಾಡಿ, ಬಣ್ಣ ಎರಡು ಪಟ್ಟು ಬೆಳ್ಳಗೆ ಮಾಡಿ ಎನ್ನುವ ಮನೆಗಳು ಎಷ್ಟೋ. ಫ್ರಾನ್ಸ್‌ನಲ್ಲಿ 2017ರಿಂದ, ರೂಪದರ್ಶಿಯ ಮೈಯ ಆಕಾರ ತಿದ್ದಿದ ಜಾಹೀರಾತಿನ ಮೇಲೆ 'ತಿದ್ದಿದ ಫೋಟೊ' ಎಂದು ಬರೆಯಲೇಬೇಕು. ಮದುವೆ ಆಲ್ಬಂಗೂ ಅಂಥದ್ದೊಂದು ಚೀಟಿ ಬೇಕು ಅನ್ನಿಸುತ್ತದೆ ನನಗೆ. ಹುಡುಗಿಗೆ ಅವಳ ಮೈ ಸಾಲದು ಎಂದು ಮೊದಲು ಹೇಳುವುದು ಆ ಆಲ್ಬಮ್ಮೇ.

ಮೂರನೆಯವರು ಗುಬ್ಬಿ ಕಡೆಯ ನಿವೃತ್ತ ಪ್ರೈಮರಿ ಟೀಚರ್, ಅರವತ್ತು ದಾಟಿದವರು. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಕಪ್ಪುಬಿಳುಪು ಫೋಟೊ ಒಂದನ್ನು ತೆಗೆದರು. ಮೈನೆರೆದಾಗ ತುಮಕೂರಿನಲ್ಲೇ ತೆಗೆಸಿದ್ದು: ಮುಂದೆ ಹುಡುಗಿ, ಹಿಂದೆ ನಿಲುವುಗನ್ನಡಿ, ಕನ್ನಡಿಯಲ್ಲಿ ಮೊಗ್ಗಿನ ಜಡೆ.

"ಇದೇ ಥರ ಇನ್ನೊಂದು ಬೇಕು. ರವಿಕೆ ಇಲ್ದೆ."

ನಾನು ಸುಮ್ಮನಿದ್ದೆ. ಅವರೇ ಹೇಳಿದರು. "ನಮ್ಮಜ್ಜಿ ಸಾಯೋವರ್ಗೂ ರವಿಕೆ ಹಾಕಿದೋಳಲ್ಲ ಕಣಮ್ಮ. ರಾಗಿ ಬೀಸೋಳು, ಕಳೆ ಕೀಳೋಳು, ಊರೆಲ್ಲ ಓಡಾಡೋಳು. ಅವಳ ಬೆನ್ನಿಗೆ ಒರಗಿಕೊಂಡೇ ನಾನು ನಿದ್ದೆ ಮಾಡಿದ್ದು. ನನ್ನ ಬೆನ್ನು ಹೆಂಗಿದೆ ಅಂತ ನಂಗೇ ಗೊತ್ತಿಲ್ಲ ನೋಡಮ್ಮ."

ಕೂದಲು ತೆಳ್ಳಗಾಗಿತ್ತು. ಬರುವಾಗ ಮಾರ್ಕೆಟ್ಟಿನಲ್ಲಿ ಕಟ್ಟಿಸಿ ತಂದಿದ್ದ ಗೇಣುದ್ದದ ಜಡೆಯನ್ನು ನಾನೇ ಪಿನ್ನು ಹಾಕಿ ಕೂರಿಸಿದೆ. ಹತ್ತಿ ಸೀರೆಯನ್ನು ಅಜ್ಜಿ ಉಡುತ್ತಿದ್ದ ರೀತಿಯಲ್ಲೇ ಎದೆ ಸುತ್ತಿ ತಾವೇ ಉಟ್ಟುಕೊಂಡರು. ಎದುರಿನ ಬೆಳಕು ಸುಕ್ಕನ್ನು ನುಂಗುತ್ತದೆ, ಪಕ್ಕದ ಬೆಳಕು ಒಂದೊಂದು ಗೆರೆಯನ್ನೂ ಎತ್ತಿ ತೋರಿಸುತ್ತದೆ. ಎರಡನ್ನೂ ತೋರಿಸಿ ಯಾವುದು ಬೇಕೆಂದು ಕೇಳಿದೆ. "ಪಕ್ಕದ್ದೇ ಇರ್ಲಿ" ಎಂದರು. ನೆರಳು ತುಂಬಲು ಇಟ್ಟಿದ್ದ ಥರ್ಮೋಕೋಲ್ ಹಾಳೆಯನ್ನು ಆಚೆ ಸರಿಸಿದೆ.

ಕನ್ನಡಿಯ ಫೋಟೊ ಸುಲಭವಲ್ಲ. ಕ್ಯಾಮೆರಾ ಕಾಣದಂತೆ ಓರೆಯಾಗಿ ನಿಲ್ಲಬೇಕು. ಬಿಂಬವು ಗಾಜಿನ ಮೇಲೆ ಇರುವುದಿಲ್ಲ, ಅವರು ಕನ್ನಡಿಯಿಂದ ಎಷ್ಟು ಮುಂದಿದ್ದಾರೋ ಅಷ್ಟೇ ಹಿಂದೆ ಇರುತ್ತದೆ. ಮುಖ, ಬೆನ್ನು ಎರಡೂ ಸ್ಪಷ್ಟವಾಗಬೇಕಾದರೆ ಲೆನ್ಸಿಗೆ ಬೆಳಕು ಬಿಡುವ ಕಂಡಿ, ಅಪರ್ಚರ್, ಅದನ್ನು ಎಫ್ 11ರವರೆಗೆ ಕಿರಿದು ಮಾಡಬೇಕು. ಆಗ ಶಟರ್ ನಿಧಾನವಾಗುತ್ತದೆ, ಟ್ರೈಪಾಡ್ ಬೇಕು, ಕೂತವರು ಅಲುಗಾಡಬಾರದು. ಅವರು ಕದಲಲಿಲ್ಲ. ತರಗತಿಯ ಮುಂದೆ ನಿಲ್ಲುವ ಟೀಚರರ ನೆಟ್ಟ ನೋಟ, ಹಿಂದೆ ಕನ್ನಡಿಯಲ್ಲಿ ಮಡಿಕೆ ಬಿದ್ದ, ಕಪ್ಪು ಮಚ್ಚೆಗಳ, ಅಗಲವಾದ ಬೆನ್ನು. ಅದರ ನಡುವೆ ಬೆಳ್ಳನೆಯ ಜಡೆ.

ಕನ್ನಡಕ ಹಾಕಿಕೊಂಡು ಪರದೆಯಲ್ಲಿ ತುಂಬ ಹೊತ್ತು ನೋಡಿದರು. "ಇದು ನಮ್ಮಜ್ಜಿ ಬೆನ್ನೇ ಕಣೇ" ಎಂದರು. ಅಷ್ಟು ಹೊತ್ತು ಅಮ್ಮ ಎನ್ನುತ್ತಿದ್ದವರು ಏಕವಚನಕ್ಕೆ ಇಳಿದದ್ದು ನನಗೆ ಬಹಳ ಹಿಡಿಸಿತು.

ಅವರು ಒಪ್ಪದೆ ಫೋಟೊ ಯಾರಿಗೂ ಕೊಡುವುದಿಲ್ಲ ಎಂದು ಬಂದವರಿಗೆಲ್ಲ ಮೊದಲೇ ಒಂದು ಪತ್ರ ಓದಿಸಿ ಸಹಿ ಮಾಡಿ ಕೊಡುತ್ತೇನೆ. ಸಹಿ ನನ್ನದು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ, ಹೆಂಗಸು ಖಾಸಗಿ ಚಿತ್ರ ತೆಗೆಯಲು ಒಪ್ಪಿದ್ದರೂ, ಹಂಚಲು ಒಪ್ಪದಿದ್ದಾಗ ಹಂಚಿದರೆ ಅದು ಅಪರಾಧ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ಫೋಟೊ ತೆಗೆಸಿಕೊಂಡದ್ದೇ ತಮ್ಮ ತಪ್ಪು ಎಂದುಕೊಂಡು ಬೆದರಿಸುವವರಿಗೆ ಹೆದರಿ ಕೂರುತ್ತಾರೆ. ಆರಿಸಿದ ಫೋಟೊ ಪ್ರಿಂಟಾದ ಮೇಲೆ ಉಳಿದದ್ದನ್ನು ಅವರ ಎದುರಿಗೇ ಅಳಿಸುತ್ತೇನೆ. ಟೀಚರ್ ತಮ್ಮದನ್ನು ಪೂರ್ತಿ ಅಳಿಸಿಸಿದರು, ಒಂದೇ ಒಂದು ಪ್ರಿಂಟು ಒಯ್ದರು.

ಅದನ್ನೀಗ ನಡುಮನೆಯ ಗೋಡೆಗೆ, ಹಳೆಯದರ ಪಕ್ಕ ಹಾಕಿದ್ದಾರಂತೆ. ಮಗ ಮುಖ ಊದಿಸಿಕೊಂಡು ಓಡಾಡಿದನಂತೆ. ಸೊಸೆ ನನ್ನ ನಂಬರು ಇಸ್ಕೊಂಡು ಫೋನು ಮಾಡಿದಳು. ಬಾಣಂತನ ಈಗಷ್ಟೇ ಮುಗಿದಿದೆ. "ಮಗೂನೂ ಕರ್ಕೊಂಡ್ ಬರ್ಲಾ ಅಕ್ಕ, ಫೋಟೊಗೆ ಚೆನ್ನಾಗಿರುತ್ತೆ?" ಎಂದು ಕೇಳಿದಳು. ಅತ್ತೆ ಹತ್ತಿರ ಬಿಟ್ಟು ನೀನೊಬ್ಬಳೇ ಬಾ ಎಂದಿದ್ದೇನೆ.